ಗಾಳಿಯ ಲೆಕ್ಕ, ಹೊಗೆಯ ದಾರಿ

(ದುಬೈಯಲ್ಲಿ ನಡೆದ ನಮ್ಮ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಹೊತ್ತಿನಲ್ಲಿ ಯಾರಾದರೂ ಒಬ್ಬರು ತಮ್ಮ ಕೆಲಸದ ಬಗ್ಗೆ ಮಾತಾಡಬೇಕು ಅನ್ನೋದು ನಮ್ಮ ಸಂಘದ ರೂಢಿ. ಈ ಸಲ ಕಾರ್ಯದರ್ಶಿಗಳು ನನ್ನನ್ನು ಹಿಡಿದರು. "ನೀವು ಗಾಳಿಯನ್ನ ಕಂಪ್ಯೂಟರಲ್ಲಿ ನೋಡ್ತೀರಂತೆ, ಅದನ್ನೇ ಹೇಳಿ ಮಾರಾಯ್ರೇ" ಅಂದರು. ಸುರಂಗ, ಮೆಟ್ರೋ ಸ್ಟೇಷನ್ನು, ಬೇಸ್‌ಮೆಂಟ್ ಪಾರ್ಕಿಂಗು, ಇಂಥ ಕಡೆ ಗಾಳಿ ಹೇಗೆ ಓಡಾಡುತ್ತದೆ, ಬೆಂಕಿ ಬಿದ್ದರೆ ಹೊಗೆ ಎತ್ತ ಹೋಗುತ್ತದೆ, ಫ್ಯಾನು ಎಷ್ಟು ಸದ್ದು ಮಾಡುತ್ತದೆ ಅಂತ ಮೊದಲೇ ಲೆಕ್ಕ ಹಾಕುವುದು ನನ್ನ ಕೆಲಸ. ಇಲ್ಲಿ ಕೂತಿರುವವರಲ್ಲಿ ಟ್ಯಾಕ್ಸಿ, ಟ್ರಕ್ಕು ಓಡಿಸುವವರಿದ್ದೀರಿ. ಎಲೆಕ್ಟ್ರಿಷಿಯನ್, ಡಕ್ಟ್ ಕೆಲಸದವರಿದ್ದೀರಿ. 1975ರಿಂದ ಇರುವ ಶಿಂದಗ ಸುರಂಗದಲ್ಲಿ ಕ್ರೀಕ್ ದಾಟದವರು ನಮ್ಮಲ್ಲಿ ಕಡಿಮೆ. ಹಾಗಾಗಿ ಇದು ನನ್ನೊಬ್ಬನ ವಿಷಯ ಅಲ್ಲ, ನಿಮ್ಮದೂ ಹೌದು.

ಮೊದಲು ಲೆಕ್ಕ ಹೇಗೆ ಮಾಡ್ತೇವೆ ಅಂತ ಹೇಳ್ತೇನೆ. ರೂಮಿನಲ್ಲಿ ನಾಲ್ಕೈದು ಜನ ಸೇರಿ ಇರುವವರಿಗೆ ಮೆಸ್ಸಿನ ಪುಸ್ತಕ ಗೊತ್ತು. ಬಂದದ್ದು ಎಷ್ಟು, ಹೋದದ್ದು ಎಷ್ಟು, ಉಳಿದದ್ದು ಎಷ್ಟು. ನಮ್ಮದೂ ಅದೇ. ಸುರಂಗದ ಒಳಗಿನ ಜಾಗವನ್ನೆಲ್ಲ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಭಾಗ ಮಾಡ್ತೇವೆ. ಪ್ರತಿ ಪೆಟ್ಟಿಗೆಗೂ ಒಂದು ಪುಸ್ತಕ. ಪಕ್ಕದ ಪೆಟ್ಟಿಗೆಯಿಂದ ಗಾಳಿ ಎಷ್ಟು ಬಂತು, ಎಷ್ಟು ಹೋಯಿತು, ಜೊತೆಗೆ ಎಷ್ಟು ಬಿಸಿ ಬಂತು, ಎಷ್ಟು ಹೊಗೆ ಬಂತು, ಎಷ್ಟು ರಭಸ ಬಂತು. ಸೆಕೆಂಡಿನ ಒಂದು ಸಣ್ಣ ಚೂರಿಗೆ ಎಲ್ಲ ಪೆಟ್ಟಿಗೆಗಳ ಲೆಕ್ಕ ಮುಗಿಸಿ, ಮತ್ತೆ ಮುಂದಿನ ಚೂರಿಗೆ ಹೋಗುವುದು. ಈ ಲೆಕ್ಕದ ಸೂತ್ರಗಳು ಹೊಸತಲ್ಲ. ಫ್ರಾನ್ಸಿನ ನೇವಿಯೇ 1822ರಲ್ಲಿ, ಆಮೇಲೆ ಸ್ಟೋಕ್ಸ್ 1845ರಲ್ಲಿ ಕೊಟ್ಟ ಸೂತ್ರಗಳು. ಸೂತ್ರ ಇತ್ತು, ಬಿಡಿಸುವ ಕೈ ಇರಲಿಲ್ಲ. ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಹವಾಮಾನವನ್ನು ಹೀಗೇ ಪೆಟ್ಟಿಗೆ ಲೆಕ್ಕದಲ್ಲಿ ಹೇಳಬಹುದು ಅಂತ 1922ರಲ್ಲಿ ಪುಸ್ತಕ ಬರೆದರು. ಒಂದು ದೊಡ್ಡ ಸಭಾಂಗಣದಲ್ಲಿ 64,000 ಜನರನ್ನು ಕೂರಿಸಿ ಲೆಕ್ಕ ಮಾಡಿಸಿದರೆ ಹವೆಯ ವೇಗಕ್ಕೆ ಸರಿಸಮ ಓಡಬಹುದು ಅಂತ ಅವರ ಕಲ್ಪನೆ. ಆ 64,000 ಜನರ ಜಾಗದಲ್ಲಿ ಈಗ ಕಂಪ್ಯೂಟರ್ ಕೂತಿದೆ, ಅಷ್ಟೇ.

ಕಂಪ್ಯೂಟರಿಗೂ ಇದು ಸುಲಭ ಅಲ್ಲ. 1 ಕಿಲೋಮೀಟರ್ ಉದ್ದ, 10 ಮೀಟರ್ ಅಗಲ, 6 ಮೀಟರ್ ಎತ್ತರದ ಸುರಂಗ ತೆಗೆದುಕೊಳ್ಳಿ. 20 ಸೆಂಟಿಮೀಟರ್ ಪೆಟ್ಟಿಗೆ ಹಾಕಿದರೆ 75 ಲಕ್ಷ ಪೆಟ್ಟಿಗೆ. ಇನ್ನೂ ಸರಿಯಾಗಿ ನೋಡೋಣ ಅಂತ 10 ಸೆಂಟಿಮೀಟರ್ ಮಾಡಿದರೆ 6 ಕೋಟಿ. ಪೆಟ್ಟಿಗೆ ಅರ್ಧ ಆದಾಗ ಸಮಯದ ಚೂರನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ 16 ಪಟ್ಟು. ಒಂದು ದಿನದ ಲೆಕ್ಕ 16 ದಿನ ಆಗುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಊರಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕಿದರೆ ಹೊಗೆ ಮೇಲೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಸುರಂಗಕ್ಕೆ ಹಂಚಿನ ಸಂದಿ ಇಲ್ಲ. ಹೊಗೆ ಮೇಲೇರಿ ಚಾವಣಿಗೆ ಬಡಿದು, ಅಲ್ಲಿಂದ ಎರಡೂ ಕಡೆಗೆ ಓಡುತ್ತದೆ. ಆಮೇಲೆ ತಣ್ಣಗಾಗಿ ಕೆಳಗೆ ಇಳಿಯುತ್ತದೆ, ಮನುಷ್ಯರ ಮೂಗಿನ ಮಟ್ಟಕ್ಕೆ. ಅದನ್ನು ಒಂದೇ ಕಡೆಗೆ ತಳ್ಳಬೇಕಾದರೆ ಗಾಳಿಗೆ ಒಂದು ಕನಿಷ್ಠ ವೇಗ ಬೇಕು. ಅದಕ್ಕೆ ನಮ್ಮ ಭಾಷೆಯಲ್ಲಿ ಕ್ರಿಟಿಕಲ್ ವೆಲಾಸಿಟಿ ಅಂತಾರೆ. ಅದಕ್ಕಿಂತ ಕಡಿಮೆ ಇದ್ದರೆ ಹೊಗೆ ಚಾವಣಿ ಹಿಡಿದು ಗಾಳಿಗೆ ಎದುರಾಗಿ ವಾಪಸ್ ಬರುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಬಳಕೆ ತಪ್ಪಿದ ಮೆಮೋರಿಯಲ್ ಸುರಂಗದಲ್ಲಿ 1993ರಿಂದ 1995ರವರೆಗೆ ನಿಜವಾದ ಬೆಂಕಿ ಹಾಕಿ ನೋಡಿದರು. ಸೆಕೆಂಡಿಗೆ ಹೆಚ್ಚುಕಮ್ಮಿ 3 ಮೀಟರ್ ಗಾಳಿ ಇದ್ದರೆ ದೊಡ್ಡ ಬೆಂಕಿಯ ಹೊಗೆಯನ್ನೂ ತಡೆಯಬಹುದು ಅಂತ ಅಲ್ಲಿ ಕಂಡಿತು. ಇಂಥ ಪ್ರಯೋಗಗಳ ಜೊತೆ ತಾಳೆ ನೋಡಿದ ಮೇಲೆಯೇ ಕಂಪ್ಯೂಟರ್ ಲೆಕ್ಕಕ್ಕೆ ಬೆಲೆ. ಬಣ್ಣ ಬಣ್ಣದ ಚಿತ್ರ ಬಂತು ಅಂದ ಮಾತ್ರಕ್ಕೆ ಅದು ನಿಜ ಅಲ್ಲ.

ಆದರೆ ಕೆಲವು ಸಲ ಕಂಪ್ಯೂಟರೇ ಮನುಷ್ಯನಿಗಿಂತ ಮೊದಲು ನೋಡಿದ್ದೂ ಉಂಟು. 1987ರ ನವೆಂಬರ್ 18, ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್. ಮರದ ಎಸ್ಕಲೇಟರಿನ ಅಡಿಯಲ್ಲಿ ಸಣ್ಣ ಬೆಂಕಿ. ಯಾರೋ ಬಿಸಾಡಿದ ಉರಿಯುವ ಕಡ್ಡಿಯಿಂದ ಹತ್ತಿದ್ದು ಅಂತ ಆಮೇಲೆ ತೀರ್ಮಾನ ಆಯಿತು. ಸುಮಾರು ಕಾಲು ಗಂಟೆ ಅದು ಸಣ್ಣದಾಗಿಯೇ ಇತ್ತು. ಆಮೇಲೆ ಒಮ್ಮೆಲೇ ಬೆಂಕಿಯ ನಾಲಗೆ ಮೇಲಿನ ಟಿಕೆಟ್ ಹಾಲಿಗೆ ನುಗ್ಗಿತು. 31 ಜನ ತೀರಿಕೊಂಡರು. ಹಾಗೆ ಯಾಕೆ ನುಗ್ಗಿತು ಅಂತ ಯಾರಿಗೂ ಅರ್ಥ ಆಗಲಿಲ್ಲ. ಹಾರ್ವೆಲ್‌ನ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಒಂದು ವಿಚಿತ್ರ ಕಂಡಿತು. ಬೆಂಕಿ ಮೇಲೆ ಏಳುವ ಬದಲು ಎಸ್ಕಲೇಟರಿನ ತೊಟ್ಟಿಯೊಳಗೆ ಮೆಟ್ಟಿಲಿಗೆ ಅಂಟಿಕೊಂಡು ಮಲಗಿ ಮೇಲಕ್ಕೆ ಹರಿಯುತ್ತಿತ್ತು. ಪ್ರೋಗ್ರಾಮಿನಲ್ಲೇ ಏನೋ ತಪ್ಪಿರಬೇಕು ಅಂತ ಮೊದಲು ಅನುಮಾನಪಟ್ಟರು. ಆಮೇಲೆ ಬಕ್ಸ್‌ಟನ್‌ನಲ್ಲಿ ಮೂರನೇ ಒಂದು ಅಳತೆಯ ಎಸ್ಕಲೇಟರ್ ಕಟ್ಟಿ ನಿಜವಾಗಿ ಬೆಂಕಿ ಕೊಟ್ಟು ನೋಡಿದರೆ, ಹಾಗೇ ಮಲಗಿತು! ಮಲಗಿದ ಬೆಂಕಿ ಮುಂದಿನ ಮೆಟ್ಟಿಲುಗಳನ್ನು ಕಾಯಿಸುತ್ತದೆ, ಕಾದ ಮರದಿಂದ ಗ್ಯಾಸ್ ಹೊರಡುತ್ತದೆ, ಆಮೇಲೆ ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಇಳಿಜಾರಿನ ತೊಟ್ಟಿಯಲ್ಲಿ ಬೆಂಕಿ ಹೀಗೂ ನಡೆಯುತ್ತದೆ ಅಂತ ಲೋಕಕ್ಕೆ ಗೊತ್ತಾದದ್ದು ಹೀಗೆ.

ಇಳಿಜಾರು ಅಂದಾಗ ಇನ್ನೊಂದು ಮಾತು. 2000ದ ನವೆಂಬರ್ 11ರಂದು ಆಸ್ಟ್ರಿಯಾದ ಕಾಪ್ರುನ್‌ನಲ್ಲಿ ಬೆಟ್ಟ ಏರುವ ರೈಲಿಗೆ ಸುರಂಗದೊಳಗೆ ಬೆಂಕಿ ಬಿತ್ತು. ಕಡಿದಾದ ಸುರಂಗ ಹೊಗೆಗೂಡಿನ ಹಾಗೆ ಎಳೆಯಿತು. 155 ಜನ ಸತ್ತರು. ರೈಲಿನಿಂದ ಬದುಕಿ ಬಂದವರು 12 ಜನ. ಅವರು ಬೆಂಕಿಯನ್ನು ದಾಟಿ ಕೆಳಗೆ ಹೋದವರು. ಮೇಲಕ್ಕೆ ಓಡಿದವರು ಹೊಗೆ ಹೋಗುವ ದಾರಿಯಲ್ಲೇ ಓಡಿದರು. ಬೆಂಕಿಯಿಂದ ದೂರ ಓಡು ಅಂತ ನಮ್ಮ ಮನಸ್ಸು ಹೇಳುತ್ತದೆ. ಆದರೆ ಉಸಿರಾಡಲು ಸಿಗುವ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

ಟ್ರಕ್ ಓಡಿಸುವ ಅಣ್ಣಂದಿರಿಗೆ ಮಾಂಟ್ ಬ್ಲಾಂಕ್ ಸುರಂಗದ ಕತೆ ಹೇಳಲೇಬೇಕು. ಫ್ರಾನ್ಸ್ ಮತ್ತು ಇಟಲಿ ನಡುವೆ 11.6 ಕಿಲೋಮೀಟರ್, ಒಂದೇ ಕೊಳವೆಯಲ್ಲಿ ಎದುರುಬದುರು ಸಂಚಾರ. 1999ರ ಮಾರ್ಚ್ 24ರಂದು ಒಂದು ಟ್ರಕ್ಕಿಗೆ ಬೆಂಕಿ ಹತ್ತಿತು. ಅದರಲ್ಲಿ ಇದ್ದದ್ದು ಪೆಟ್ರೋಲ್ ಅಲ್ಲ, ಮೈದಾಹಿಟ್ಟು ಮತ್ತು ಮಾರ್ಗರೀನ್. 53 ಗಂಟೆ ಉರಿಯಿತು, 39 ಜನ ಹೋದರು. ಅವರಲ್ಲಿ ಬಹುಪಾಲು ಜನ ತಮ್ಮ ವಾಹನದ ಒಳಗೇ ಇದ್ದರು. ಸುರಂಗದ ಎರಡು ತುದಿಗಳನ್ನು ಎರಡು ದೇಶದವರು ನೋಡಿಕೊಳ್ಳುತ್ತಿದ್ದರು, ಗಾಳಿ ವ್ಯವಸ್ಥೆಗೂ ಎರಡು ಯಜಮಾನಿಕೆ. ಹೊಗೆ ಎಳೆಯಬೇಕಾದ ಹೊತ್ತಿನಲ್ಲಿ ಇಟಲಿ ಕಡೆಯಿಂದ ಹೊಸ ಗಾಳಿ ಊದಲಾಗುತ್ತಿತ್ತು. ಹೊಗೆ ಫ್ರಾನ್ಸ್ ಕಡೆಯಿಂದ ಬಂದು ನಿಂತಿದ್ದ ವಾಹನಗಳ ಮೇಲೆ ಹೋಯಿತು. ಫ್ಯಾನು ಇದ್ದರೆ ಸಾಲದು, ಯಾವಾಗ, ಯಾವ ಕಡೆಗೆ ಅನ್ನೋದು ಮುಖ್ಯ. ಏಕಮುಖ ಸುರಂಗದಲ್ಲಿ ನಾವು ಹೊಗೆಯನ್ನು ವಾಹನ ಹೋಗುವ ದಿಕ್ಕಿಗೇ ತಳ್ಳುತ್ತೇವೆ. ಮುಂದಿನವರು ಓಡಿಸಿಕೊಂಡು ಹೊರಗೆ ಹೋಗಿರುತ್ತಾರೆ, ಹಿಂದೆ ಸಿಕ್ಕಿಬಿದ್ದವರಿಗೆ ಶುದ್ಧ ಗಾಳಿ. ಎರಡೂ ಕಡೆ ಜನ ಇದ್ದರೆ ಲೆಕ್ಕವೇ ಬೇರೆ. ಅದಕ್ಕೇ ಒಂದೊಂದು ಸುರಂಗಕ್ಕೂ, ಒಂದೊಂದು ಜಾಗದ ಬೆಂಕಿಗೂ ಬೇರೆ ಬೇರೆ ಲೆಕ್ಕ ಮಾಡಿ, ಯಾವ ಫ್ಯಾನು ಯಾವ ದಿಕ್ಕಿಗೆ ಅಂತ ಮೊದಲೇ ಬರೆದಿಡುವುದು.

ಇನ್ನು ಸದ್ದು. ಬೆಂಕಿಯ ಹೊತ್ತಿನಲ್ಲಿ ಸದ್ದಿನ ಚಿಂತೆ ಯಾಕೆ ಅನ್ನಬಹುದು. ಫ್ಯಾನ್ ಗರ್ಜಿಸುವಾಗ ಸ್ಪೀಕರಿನಲ್ಲಿ "ಎಡಗಡೆ ಬಾಗಿಲಿಗೆ ಹೋಗಿ" ಅಂದದ್ದು ಕೇಳದಿದ್ದರೆ ಜನ ಎಲ್ಲಿಗೆ ಹೋಗಬೇಕು? ಕಾಂಕ್ರೀಟ್ ಗೋಡೆ ಬೇರೆ, ಮಾತು ಮಾತಿಗೂ ಪ್ರತಿಧ್ವನಿ. ಸದ್ದಿನ ಲೆಕ್ಕ ಗಾಳಿಯ ಲೆಕ್ಕಕ್ಕಿಂತ ಕಷ್ಟ. ನಮ್ಮ ಸುತ್ತ ಇರುವ ಗಾಳಿಯ ಒತ್ತಡ ಸುಮಾರು 1 ಲಕ್ಷ ಪಾಸ್ಕಲ್, ನಾವು ಮಾತಾಡುವ ಸದ್ದು ಅದರಲ್ಲಿ ಮಾಡುವ ಏರಿಳಿತ 0.02 ಪಾಸ್ಕಲ್. 50 ಲಕ್ಷದಲ್ಲಿ ಒಂದು ಪಾಲು! ಅದಕ್ಕಾಗಿ ಮೊದಲು ಗಾಳಿಯ ಸುಳಿಗಳನ್ನು ಲೆಕ್ಕ ಮಾಡಿ, ಆ ಸುಳಿಗಳಿಂದ ಎಷ್ಟು ಸದ್ದು ಹುಟ್ಟುತ್ತದೆ ಅಂತ ಬೇರೆಯಾಗಿ ಲೆಕ್ಕ ಮಾಡುವ ದಾರಿ ಇದೆ. 1952ರಲ್ಲಿ ಲೈಟ್‌ಹಿಲ್ ತೋರಿಸಿದ ದಾರಿ ಅದು.

ಇದರಲ್ಲಿ ಒಂದು ಉಪಯೋಗದ ವಿಷಯ. ಫ್ಯಾನಿನ ವೇಗ ಅರ್ಧ ಮಾಡಿದರೆ ತಳ್ಳುವ ಬಲ ಕಾಲು ಭಾಗ ಆಗುತ್ತದೆ, ಕರೆಂಟು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ. ಅಂದರೆ ಒಂದು ಫ್ಯಾನ್ ಪೂರ್ತಿ ಓಡಿಸುವ ಬದಲು ಅದೇ ಅಳತೆಯ ನಾಲ್ಕು ಫ್ಯಾನ್ ಅರ್ಧ ವೇಗದಲ್ಲಿ ಓಡಿಸಿದರೆ ಬಲ ಅಷ್ಟೇ, ಕರೆಂಟು ಅರ್ಧ, ಸದ್ದು ಸುಮಾರು 9 ಡೆಸಿಬೆಲ್ ಕಡಿಮೆ. ಫ್ಯಾನ್ ಕೊಳ್ಳುವ ದುಡ್ಡು ಜಾಸ್ತಿ, ಆದರೆ ದಿನಾ ಓಡುವ ಕಡೆ ಅದು ವಾಪಸ್ ಬರುತ್ತದೆ.

ಮೆಟ್ರೋದಲ್ಲಿ ಫ್ಯಾನ್ ಇಲ್ಲದೆಯೂ ಗಾಳಿ ಇದೆ. ಸೈಕಲ್ ಪಂಪಿನ ದಂಡದ ಹಾಗೆ ರೈಲೇ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ರಜೆಗೆ ಊರಿಗೆ ಹೋದಾಗ ಮೆಜೆಸ್ಟಿಕ್‌ನಲ್ಲಿ ನಮ್ಮ ಮೆಟ್ರೋದ ನೆಲದಡಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ, ರೈಲಿನ ದೀಪ ಕಾಣುವ ಮೊದಲೇ ಗಾಳಿ ಮುಖಕ್ಕೆ ಬರುತ್ತದೆ. ಇಲ್ಲಿ ಯೂನಿಯನ್, ಬುರ್‌ಜುಮಾನ್ ಸ್ಟೇಷನ್ನುಗಳಲ್ಲಿ ಗಾಜಿನ ಬಾಗಿಲು ಇರುವುದರಿಂದ ಅದು ಅಷ್ಟು ಗೊತ್ತಾಗುವುದಿಲ್ಲ. ಇದನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

ಈಗ ಸೈಟಿನಲ್ಲಿ ದುಡಿಯುವವರಿಗೆ ನಾಲ್ಕು ಮಾತು. ನಾವು ಎ.ಸಿ. ರೂಮಿನಲ್ಲಿ ಕೂತು ಲೆಕ್ಕ ಮಾಡುವುದು ಡ್ರಾಯಿಂಗಿನಲ್ಲಿರುವ ಸುರಂಗಕ್ಕೆ. ನಿಜವಾದ ಸುರಂಗ ಕಟ್ಟುವವರು ನೀವು. ಜೆಟ್ ಫ್ಯಾನನ್ನು ಕೇಬಲ್ ಟ್ರೇ ಅಡ್ಡ ಬಂತು ಅಂತ ಒಂದು ಗೇಣು ಗೋಡೆ ಕಡೆಗೆ ಸರಿಸಿದರೆ, ಅದರ ಗಾಳಿ ಗೋಡೆಗೆ ಅಂಟಿಕೊಂಡು ಉಜ್ಜುತ್ತಾ ಹೋಗಿ ಬಲ ಕಳೆದುಕೊಳ್ಳುತ್ತದೆ. ಮೂರು ಫೇಸಿನ ಮೋಟಾರಿನಲ್ಲಿ ಎರಡು ವಯರ್ ಅದಲುಬದಲಾದರೆ ಫ್ಯಾನ್ ಉಲ್ಟಾ. ಹೊರಗಿನಿಂದ ನೋಡಿದರೆ ತಿರುಗ್ತಾ ಇದೆ, ಸದ್ದೂ ಬರ್ತಾ ಇದೆ, ಪ್ಯಾನೆಲಿನಲ್ಲಿ ಹಸಿರು ದೀಪವೂ ಇದೆ.

ಒಂದು ಬೇಸ್‌ಮೆಂಟ್ ಕೆಲಸದಲ್ಲಿ ಹೀಗೇ ಆಗಿತ್ತು. ಹ್ಯಾಂಡೋವರಿಗೆ ಎರಡು ದಿನ ಬಾಕಿ. ಕುಂದಾಪುರ ಕಡೆಯ ಹೆಲ್ಪರ್ ಹುಡುಗ ಒಬ್ಬ ಫ್ಯಾನಿನ ಬಾಯಿಗೆ ಟಿಶ್ಯೂ ಪೇಪರಿನ ಚೂರು ಹಿಡಿದು ನೋಡಿ ಬಂದ. "ಅಣ್ಣಾ, ಆ ಮೂಲೆಯ ಫ್ಯಾನ್ ಒಳಗೆ ಎಳೀತಾ ಉಂಟು, ಉಳಿದದ್ದೆಲ್ಲ ಹೊರಗೆ ಬಿಡ್ತಾ ಉಂಟು, ಅದು ಹಾಗೇಯಾ?" ಅಂತ ಕೇಳಿದ. ಹಾಗಲ್ಲ! ಅವನು ಕೇಳದಿದ್ದರೆ ಆ ಫ್ಯಾನ್ ಒಂದು ದಿನ ಹೊಗೆಯನ್ನು ಮೆಟ್ಟಿಲ ಬಾಗಿಲಿಗೇ ತಂದು ಹಾಕುತ್ತಿತ್ತು. ನಮ್ಮ 75 ಲಕ್ಷ ಪೆಟ್ಟಿಗೆಯ ಲೆಕ್ಕಕ್ಕೆ ಅದು ಗೊತ್ತಾಗುತ್ತಲೇ ಇರಲಿಲ್ಲ, ಯಾಕೆಂದರೆ ಕಂಪ್ಯೂಟರಿನಲ್ಲಿ ಆ ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು. ಆದ್ದರಿಂದ ಡ್ರಾಯಿಂಗಿನ ಬಾಣ ಒಂದು ಕಡೆ, ಪೇಪರ್ ಹಾರುವುದು ಇನ್ನೊಂದು ಕಡೆ ಅಂತ ಕಂಡರೆ ದಯವಿಟ್ಟು ಸುಮ್ಮನಿರಬೇಡಿ. ನಾವು ಸಣ್ಣ ಕೆಲಸದವರು, ನಮಗ್ಯಾಕೆ ಅನ್ನಬೇಡಿ. ಇಂಜಿನಿಯರ್ ಕಣ್ಣಿಗೆ ಬೀಳದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ.

ಕೊನೆಗೆ, ಗಾಡಿ ಓಡಿಸುವವರಿಗೂ ಪ್ರಯಾಣಿಕರಿಗೂ. ಸುರಂಗದ ಬಾಯಲ್ಲಿ ಕೆಂಪು ದೀಪ ಇದ್ದರೆ, ಒಳಗಿನಿಂದ ಹೊಗೆ ಬರುತ್ತಿದ್ದರೆ, ನುಗ್ಗಬೇಡಿ. ಒಳಗೆ ಸಿಕ್ಕಿಕೊಂಡರೆ ಗಾಡಿ ತಿರುಗಿಸಲು ಹೋಗಬೇಡಿ. ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬೀಗದ ಕೈ ಅದರಲ್ಲೇ ಬಿಟ್ಟು ಇಳಿಯಿರಿ. ಸಾಲ ಮಾಡಿ ತೆಗೆದ ಗಾಡಿ, ಕಂಪನಿಯ ಮಾಲು, ಬ್ಯಾಗಿನಲ್ಲಿ ಪಾಸ್‌ಪೋರ್ಟು ಅಂತ ಕೂರಬೇಡಿ. ಗಾಜು ಏರಿಸಿಕೊಂಡು ಒಳಗೆ ಇದ್ದರೆ ಕ್ಷೇಮ ಅನ್ನುವ ಭಾವನೆಯೇ ಅಪಾಯ. ಹಸಿರು ಫಲಕದಲ್ಲಿ ಓಡುವ ಮನುಷ್ಯನ ಚಿತ್ರ ಇರುತ್ತದಲ್ಲ, ಆ ಬಾಗಿಲಿಗೆ ನಡೆಯಿರಿ. ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಗಾಳಿ ಶುದ್ಧವಾಗಿ ಬರುವ ಕಡೆಗೆ ಹೋಗಿ. ಭಾಷೆ ತಿಳಿಯದ ಯಾರಾದರೂ ಪಕ್ಕದಲ್ಲಿದ್ದರೆ ಕೈ ಹಿಡಿದು ಕರೆದುಕೊಂಡು ಹೋಗಿ.

ಮುಂದಿನ ಸಲ ಸುರಂಗದಲ್ಲಿ ಹೋಗುವಾಗ ಒಮ್ಮೆ ಚಾವಣಿ ಕಡೆ ನೋಡಿ, ಆ ದೊಡ್ಡ ಕೊಳವೆಯಂಥ ಫ್ಯಾನುಗಳು ಕಾಣುತ್ತವೆ. ಹಾಗೇ ಬಾಗಿಲು ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ. ನಾವೆಲ್ಲ ಮನೆಯವರನ್ನು ಬಿಟ್ಟು ಇಷ್ಟು ದೂರ ಬಂದದ್ದು ದುಡಿದು ಕ್ಷೇಮವಾಗಿ ವಾಪಸ್ ಹೋಗಲಿಕ್ಕೆ.

ಊಟಕ್ಕೆ ತಡ ಮಾಡಿಸಿದ್ದರೆ ಬೈಗುಳ ಕಾರ್ಯದರ್ಶಿಗಳಿಗೆ ಸೇರಲಿ.