ಕೈ ಹಿಡಿಸಿಕೊಂಡವರು ಕೈ ಹಿಡಿಯಬೇಕು
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಅನುಚರರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸತ್ಯವಿಶ್ವಾಸಿಗಳೇ,

ಸೂರಃ ಅದ್ದುಹಾದಲ್ಲಿ ಅಲ್ಲಾಹನು ತನ್ನ ಪ್ರವಾದಿಯವರಿಗೆ(ಸ) ಅವರ ಹಿಂದಿನ ದಿನಗಳನ್ನು ನೆನಪಿಸುತ್ತಾನೆ. ಅನಾಥರಾಗಿದ್ದಾಗ ಆಸರೆ ಕೊಟ್ಟದ್ದನ್ನು, ದಾರಿ ತೋರಿಸಿದ್ದನ್ನು ಹೇಳಿದ ಬೆನ್ನಿಗೇ, ಅನಾಥರನ್ನು ನೋಯಿಸಬಾರದು, ಕೇಳಿ ಬಂದವರನ್ನು ಗದರಿಸಬಾರದು ಎಂದು ಆಜ್ಞಾಪಿಸುತ್ತಾನೆ. ಅನುಗ್ರಹ ಸಿಕ್ಕಿದವನ ಮೇಲೆ ಹೊಣೆಯೂ ಇದೆ ಎಂಬುದೇ ಇದರ ಪಾಠ.

ಈ ವಾರ ಮೂವರು ತಂದೆಯಂದಿರು ಕಾಲೇಜಿನ ಒಪ್ಪಿಗೆ ಪತ್ರ ಹಿಡಿದು ಬಂದಿದ್ದರು. ಏಳು ದಿನ ಹಳ್ಳಿಯೊಂದರಲ್ಲಿ ಎನ್ನೆಸ್ಸೆಸ್ ಶಿಬಿರ. "ಹಜರತ್, ಕಳಸ್ಬೇಕೋ ಬ್ಯಾಡೋ?" ಎಂಬುದು ಮೂವರ ಪ್ರಶ್ನೆ. ಅವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಊಟ ಹೇಗೋ, ನಮಾಜ್ ಹೇಗೋ, ಯಾರಾದರೂ ಏನಾದರೂ ಅಂದರೆ ಹೇಗೋ ಎಂಬ ಚಿಂತೆ ಇಂದಿನ ದಿನಗಳಲ್ಲಿ ಸುಳ್ಳಲ್ಲ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡು ವರ್ಷದಲ್ಲಿ 240 ತಾಸು ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಇದರಲ್ಲಿ ನಾವೂ ಇದ್ದೆವು. ಮದರಸಾ ಮುಗಿಸಿ ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದಾಗ ಹುನಗುಂದ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋದೆವು. ನಮ್ಮ ಕನ್ನಡ ಆಗ ತಡವರಿಸುತ್ತಿತ್ತು. ತಲೆ ಮೇಲೆ ಟೋಪಿ, ಮನಸ್ಸಿನ ತುಂಬ ಹಿಂಜರಿಕೆ. ಮೊದಲ ರಾತ್ರಿ ಹಸಿವಿಲ್ಲವೆಂದು ಹೇಳಿ ಶಾಲೆಯ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದೆವು.

ಗುಂಪಿನ ನಾಯಕ ಒಂದು ವರ್ಷ ಹಿರಿಯ, ಲಿಂಗಾಯತ ರೈತರ ಮಗ. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ಪಕ್ಕದಲ್ಲಿ ಕುಳಿತ. "ತಮ್ಮಾ, ಅಡಗಿ ಮಾಡೂಮುಂದ ನಾನs ನಿಂತಿದ್ದೆ. ನಿನಗ ನಡೀದಂಥಾದ್ದು ಇದರಾಗ ಏನಿಲ್ಲ, ಉಣ್ಣು" ಅಂದ. ಮರುದಿನ ಗಟಾರು ಅಗೆಯುವಾಗ ಅಸರ್ ಹೊತ್ತಿಗೆ ಕೇಳದೆಯೇ ವುಝೂಗೆ ನೀರು ತಂದಿಟ್ಟ. ಏಳು ದಿನದಲ್ಲಿ ಅವನು ನಮಗೆ ಭಾಷಣ ಮಾಡಲಿಲ್ಲ, ನಮ್ಮ ಧರ್ಮದ ಬಗ್ಗೆ ವಾದವನ್ನೂ ಮಾಡಲಿಲ್ಲ.

ಮುಂದಿನ ವರ್ಷ ಅವನೇ, "ಈ ಸಲ ಹೊಸಬರನ್ನ ನೀ ನೋಡ್ಕೋ" ಎಂದು ಹತ್ತು ಹುಡುಗರನ್ನು ನಮಗೆ ಒಪ್ಪಿಸಿದ. ಮೊದಲ ರಾತ್ರಿ ಪಂಕ್ತಿಯಿಂದ ದೂರ, ತಾಟು ಹಿಡಿದು ಒಬ್ಬ ಹುಡುಗ ನಿಂತಿದ್ದ. ದಲಿತರ ಕೇರಿಯಿಂದ ಬಂದವನು. ಯಾರೂ ಅವನಿಗೆ ಬೇಡ ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಹಿಂದಿನ ವರ್ಷ ನಾವು ಕುಳಿತ ಕಟ್ಟೆ ನೆನಪಾಯಿತು. ಎದ್ದು ಹೋಗಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು ಉಂಡೆವು. ಸಹೋದರರೇ, ಶಿಬಿರ ನಮಗೆ ಕಲಿಸಿದ್ದು ಇಷ್ಟೇ. ಬದಿಗೆ ನಿಂತವನು ಕಣ್ಣಿಗೆ ಬೀಳಬೇಕು, ಬಿದ್ದ ಮೇಲೆ ನಾವು ಏಳಬೇಕು.

ಇಂಥ ಶಿಬಿರಗಳಿಗೇ ಬದುಕು ಕೊಟ್ಟ ಕನ್ನಡನಾಡಿನವರೊಬ್ಬರಿದ್ದಾರೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ 1942ರ ಚಳವಳಿಯಲ್ಲಿ, ಶಾಲಾ ಬಾಲಕನಾಗಿದ್ದಾಗಲೇ ಬಂಧಿತರಾದರು. ಹುಬ್ಬಳ್ಳಿಯ ಡಾ. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಪಳಗಿದರು. 1970ರಿಂದ ರಾಷ್ಟ್ರೀಯ ಯುವ ಯೋಜನೆಯ ಮೂಲಕ ಬೇರೆ ಬೇರೆ ರಾಜ್ಯ, ಭಾಷೆ, ಧರ್ಮಗಳ ಯುವಕರನ್ನು ಒಂದೆಡೆ ಸೇರಿಸಿ ದುಡಿಸಿದರು, ಹಾಡಿಸಿದರು. ದಿನಕ್ಕೆ ಒಂದು ತಾಸು ದೇಹಕ್ಕೆ, ಒಂದು ತಾಸು ದೇಶಕ್ಕೆ ಕೊಡಿ ಎನ್ನುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ತಾನು ಬೆಳೆದ ರೀತಿಯಲ್ಲೇ ಇತರರನ್ನು ಬೆಳೆಸುತ್ತ ಅವರು ಕೊನೆಯವರೆಗೂ ಬಾಳಿದರು.

ಇದು ನಮಗೆ ಪರಕೀಯವೇ? ಅಲ್ಲ. ಯಮನ್ ಕಡೆಯ ವ್ಯಾಪಾರಿಯೊಬ್ಬನ ಸರಕು ಪಡೆದ ಮಕ್ಕಾದ ಪ್ರಬಲನೊಬ್ಬ ಹಣ ಕೊಡದೆ ವಂಚಿಸಿದಾಗ, ಕುರೈಶರ ಕೆಲವು ಗೋತ್ರಗಳವರು ಅಬ್ದುಲ್ಲಾ ಇಬ್ನು ಜುದ್‌ಆನ್‌ನ ಮನೆಯಲ್ಲಿ ಸೇರಿದರು. ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಪರ ನಿಲ್ಲುವುದಾಗಿ ಒಪ್ಪಂದ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿತ್ವ ಲಭಿಸುವ ಮೊದಲು, ಸುಮಾರು 20ರ ಹರೆಯದಲ್ಲಿ ಪ್ರವಾದಿವರ್ಯರು(ಸ) ಅದರಲ್ಲಿ ಭಾಗಿಯಾಗಿದ್ದರು. ಇಸ್ಲಾಮ್ ಬಂದ ಮೇಲೂ ಅಂಥದ್ದಕ್ಕೆ ಕರೆದರೆ ತಾನು ಓಗೊಡುವೆನೆಂದು ಹೇಳಿದರು.

ಇಷ್ಟೆಲ್ಲ ತಿಳಿದೂ ನಾವೊಮ್ಮೆ ತಪ್ಪಿದ್ದೇವೆ. ಬಾದಾಮಿಯಲ್ಲಿ ಇಮಾಮತ್ ಮಾಡುತ್ತಿದ್ದಾಗ ಪಿಯುಸಿ ಹುಡುಗನೊಬ್ಬ ಅಸರ್ ನಂತರ ಬಂದು, "ಹಜರತ್, ನೀವೊಂದು ಮಾತು ಅಬ್ಬಾಗೆ ಹೇಳ್ರಿ" ಎಂದು ಕೇಳಿಕೊಂಡ. ತಂದೆ ಬಂದು ಕೇಳಿದಾಗ, ನಾಳೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆಂದು, "ನಿಮ್ಮ ಮಗ, ನಿಮ್ಮ ಮರ್ಜಿ" ಎಂದುಬಿಟ್ಟೆವು. ಹುಡುಗ ಹೋಗಲಿಲ್ಲ. ಈಚೆಗೆ ಸಿಕ್ಕಾಗ ಸಲಾಮ್ ಹೇಳಿ, "ಅಬ್ಬಾ ನಿಮ್ಮ ಮಾತಿಗೆ ಕಾದಿದ್ರು ಹಜರತ್" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಆದರೂ ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಕೈಯನ್ನು ಒಬ್ಬ ಹಿಡಿದಿದ್ದ, ನಾವು ಇನ್ನೊಬ್ಬನ ಕೈ ಬಿಟ್ಟೆವು.

ಆದ್ದರಿಂದ ಈ ಸಲ ಆ ಮೂವರಿಗೂ ಸ್ಪಷ್ಟವಾಗಿ ಹೇಳಿದೆವು: ಕಳಿಸಿರಿ. ಕಣ್ಣು ಮುಚ್ಚಿ ಕಳಿಸಬೇಡಿ. ಅಧ್ಯಾಪಕರನ್ನು ಕಂಡು ಊಟ, ವಸತಿ ವಿಚಾರಿಸಿ. ಹೆಣ್ಣುಮಕ್ಕಳಾದರೆ ಜೊತೆಗೆ ಯಾವ ಅಧ್ಯಾಪಕಿ ಇರುತ್ತಾರೆಂದು ಕೇಳಿ. ಅದು ಪಾಲಕರ ಹಕ್ಕು. ಮಕ್ಕಳೇ, ನಿಮ್ಮ ನಮಾಜನ್ನು ಬಿಡಬೇಡಿ, ಇತರರು ಪ್ರಾರ್ಥಿಸುವಾಗ ಗೌರವದಿಂದಿರಿ. ನಮ್ಮ ಆರಾಧನೆ ನಮ್ಮದೇ. ಇತರರಿಗೆ ಸಲ್ಲಿಸುವ ಮರ್ಯಾದೆಯಿಂದ ಈಮಾನ್ ಕಡಿಮೆಯಾಗದು.

ಶಿಬಿರ ಮುಗಿಸಿ ಬಂದ ಯುವಕರಿಗೆ ಇನ್ನೊಂದು ಮಾತು. ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಬೇಡಿ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವುದನ್ನು ಇಲ್ಲಿ ಕಾಣದವರಿಲ್ಲ. ಹಿರಿಯರು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸದೆ ಯಾರಿಗೂ ಆ ಕೆಲಸ ಬಂದಿಲ್ಲ. ಹಾಗೆಯೇ ನಿಮ್ಮ ಓಣಿಯ ಒಬ್ಬ ಕಿರಿಯನನ್ನು ಆರಿಸಿಕೊಳ್ಳಿ, ಅವನ ತಂದೆಯೊಡನೆ ನೀವೇ ಮಾತಾಡಿ, ಮೊದಲ ರಾತ್ರಿ ಅವನ ಪಕ್ಕದಲ್ಲಿ ಕುಳಿತು ಉಣ್ಣಿ. ಅವನು ತಪ್ಪಿದರೆ ಗದರಬೇಡಿ. ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಹ. ಅನಸ್(ರ), ತಮಗೆ ಅವರು ಒಮ್ಮೆಯೂ 'ಛೆ' ಎನ್ನಲಿಲ್ಲವೆಂದು ಸಾಕ್ಷ್ಯ ಹೇಳಿದ್ದಾರೆ. ಕಿರಿಯರನ್ನು ಬೆಳೆಸುವವರಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ.

ಅಲ್ಲಾಹನೇ, ನಮ್ಮ ಕೈ ಹಿಡಿದವರಿಗೆ ಒಳಿತನ್ನು ಕರುಣಿಸು. ನಾವು ಕೈಬಿಟ್ಟವರ ವಿಷಯದಲ್ಲಿ ನಮ್ಮನ್ನು ಕ್ಷಮಿಸು. ನಮ್ಮ ಮಕ್ಕಳನ್ನು ಎಲ್ಲರಿಗೂ ಆಸರೆಯಾಗುವವರನ್ನಾಗಿ ಮಾಡು. ಆಮೀನ್.