ಉಸಿರೆಣಿಸಿ ನುಡಿದ ನಟ

ಅಲ್ಪಪ್ರಾಣ, ಮಹಾಪ್ರಾಣ ಎಂಬ ಮಾತುಗಳನ್ನು ನೀವೆಲ್ಲ ಶಾಲೆಯ ವ್ಯಾಕರಣದಲ್ಲಿ ಓದಿದ್ದೀರಿ. ಕಡಮೆ ಉಸಿರು ಬೇಡುವ ಅಕ್ಷರ ಅಲ್ಪಪ್ರಾಣ, ಹೆಚ್ಚು ಬೇಡುವುದು ಮಹಾಪ್ರಾಣ. ಮಾತನಾಡುವಾಗ ಈ ಉಸಿರಿನ ಲೆಕ್ಕವನ್ನು ನಾವಾರೂ ಇಡುವುದಿಲ್ಲ. ಬಾಳಿನುದ್ದಕ್ಕೂ ಅದನ್ನು ಇಡಬೇಕಾಗಿ ಬಂದ ಒಬ್ಬ ಆಂಗ್ಲ ನಟನ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ರಾಬರ್ಟ್ ಡೋನಟ್ ಹುಟ್ಟಿದ್ದು 1905ರಲ್ಲಿ, ಮ್ಯಾಂಚೆಸ್ಟರಿನ ವಿದಿಂಗ್ಟನ್ ಎಂಬಲ್ಲಿ. ಬಾಲ್ಯದಲ್ಲಿ ಆತನಿಗೆ ಮಾತು ತೊದಲುತ್ತಿತ್ತು. ಅದಕ್ಕಾಗಿ ಜೇಮ್ಸ್ ಬರ್ನಾರ್ಡ್ ಎಂಬ ಉಚ್ಚಾರಣೆಯ ಗುರುಗಳಲ್ಲಿ ಪಾಠಕ್ಕೆ ಬಿಟ್ಟರು. ತೊದಲು ತಿದ್ದಿಕೊಳ್ಳಲು ಹೋದವನು ನಟನಾಗಿ ಹೊರಬಂದ! 1921ರಲ್ಲಿ, ಹದಿನಾರರ ಹರೆಯದಲ್ಲಿ, 'ಜೂಲಿಯಸ್ ಸೀಸರ್' ನಾಟಕದಲ್ಲಿ ಬ್ರೂಟಸನ ಸೇವಕ ಲೂಸಿಯಸನಾಗಿ ರಂಗವೇರಿದ. ಬಳಿಕ ಫ್ರಾಂಕ್ ಬೆನ್ಸನ್ನರ ಸಂಚಾರಿ ಮಂಡಲಿಯೊಡನೆ ಊರೂರು ತಿರುಗಿದ.

ಚಲನಚಿತ್ರದ ಕೀರ್ತಿ ಬೇಗನೆ ಬಂತು. 1934ರ 'ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ', ಮರುವರ್ಷ ಹಿಚ್‌ಕಾಕ್ ನಿರ್ದೇಶಿಸಿದ 'ದಿ 39 ಸ್ಟೆಪ್ಸ್'. ಆದರೆ ಉಬ್ಬಸವೂ ಜೊತೆಗೇ ಇತ್ತು. 1937ರಲ್ಲಿ ತೆರೆಕಂಡ 'ನೈಟ್ ವಿದೌಟ್ ಆರ್ಮರ್' ಚಿತ್ರದ ನಡುವೆ ರೋಗ ಕೆರಳಿ ಆತ ಹಾಸಿಗೆ ಹಿಡಿದಾಗ, ನಿರ್ಮಾಪಕ ಕೋರ್ಡಾ ಬೇರೊಬ್ಬ ನಟನನ್ನು ಹಾಕಿಕೊಳ್ಳುವ ಯೋಚನೆ ಮಾಡಿದ. ನಾಯಕಿ ಮರ್ಲೀನ್ ಡೀಟ್ರಿಚ್ ಒಪ್ಪಲಿಲ್ಲ, ಕಾಯೋಣ ಎಂದಳು. ಕಾದರು. ಒಂದೊಂದು ದಿನಕ್ಕೂ ಹಣ ಸುರಿಯುವ ಆ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ.

1939ರ 'ಗುಡ್‌ಬೈ, ಮಿಸ್ಟರ್ ಚಿಪ್ಸ್' ಕುರಿತು ಹೇಳುವಾಗ, ಉಪಾಧ್ಯಾಯನಾದ ನನಗೆ ತುಸು ಪಕ್ಷಪಾತವಿದ್ದರೆ ಮನ್ನಿಸಿರಿ. ಚಿಪ್ಸ್ ಒಬ್ಬ ಲ್ಯಾಟಿನ್ ಮೇಷ್ಟ್ರು. ಮೂವತ್ತನಾಲ್ಕರ ಡೋನಟ್ ಇಲ್ಲಿ ಇಪ್ಪತ್ತರ ಯುವಕನಿಂದ ಎಂಬತ್ತು ದಾಟಿದ ಮುದುಕನವರೆಗೆ ಎಲ್ಲವೂ ಆಗುತ್ತಾನೆ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ದಿನವೇ ಮೇಷ್ಟ್ರು ತರಗತಿಗೆ ಬರುತ್ತಾರೆ. ಅಂದು ಏಪ್ರಿಲ್ ಒಂದು. ಸುದ್ದಿಯರಿಯದ ಹುಡುಗರು ಬರಿಯ ಹಾಳೆಗಳನ್ನು ಲಕೋಟೆಯಲ್ಲಿಟ್ಟು ತಮಾಷೆ ಹೂಡಿದ್ದಾರೆ. ಡೋನಟ್ ಅಲ್ಲಿ ಗೋಳಾಡುವುದಿಲ್ಲ, ಮಾತೂ ಬಹಳವಿಲ್ಲ. ವಾಚಿಕಕ್ಕಿಂತ ಸಾತ್ವಿಕ ಮೇಲೆಂದು ನಮ್ಮವರು ಏಕೆ ಹೇಳಿದರೆಂಬುದು ಆ ದೃಶ್ಯ ಕಂಡಾಗ ನನಗೆ ತಿಳಿಯಿತು. 'ಗಾನ್ ವಿತ್ ದಿ ವಿಂಡ್' ಚಿತ್ರದ ಕ್ಲಾರ್ಕ್ ಗೇಬಲ್ಲನನ್ನು ಹಿಂದಿಟ್ಟು ಆ ವರ್ಷದ ಆಸ್ಕರ್ ಪ್ರಶಸ್ತಿ ಈತನಿಗೆ ಬಂತು.

ಮುಂದೆ ಕೈಗೆ ಬಂದ ಪಾತ್ರಗಳನ್ನು ಉಬ್ಬಸ ಕಸಿಯುತ್ತ ಹೋಯಿತು. 1953ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಎಲಿಯಟ್ ಕವಿಯ 'ಮರ್ಡರ್ ಇನ್ ದಿ ಕ್ಯಾಥೆಡ್ರಲ್' ನಾಟಕದ ಬೆಕೆಟ್ ಆದ. ಉದ್ದುದ್ದ ಪದ್ಯಮಯ ಮಾತುಗಳ ಪಾತ್ರ ಅದು. ಉಬ್ಬಸದವನು ಅದನ್ನು ಒಪ್ಪಿಕೊಂಡದ್ದೇ ಸಾಹಸ. ರಂಗದ ಮೇಲೆ ಅದೇ ಕೊನೆಯ ಪಾತ್ರವಾಯಿತು.

1958ರಲ್ಲಿ, ತೀರ ಅಸ್ವಸ್ಥನಾಗಿದ್ದರೂ, 'ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್' ಚಿತ್ರದಲ್ಲಿ ಚೀನೀ ಅಧಿಕಾರಿಯಾಗಿ ಅಭಿನಯಿಸಿದ. ಆ ವೃದ್ಧ ಅಧಿಕಾರಿ ಇಂಗ್ರಿಡ್ ಬರ್ಗ್‌ಮನ್ನಳ ಪಾತ್ರಕ್ಕೆ, ಇನ್ನು ನಾವು ಕಾಣುವುದಿಲ್ಲವೇನೋ ಎಂದು ವಿದಾಯ ಹೇಳುತ್ತಾನೆ. ಜೂನ್ 9ರಂದು ಡೋನಟ್ ತೀರಿಕೊಂಡ, ವಯಸ್ಸು ಐವತ್ತಮೂರು. ಜನ ಥಿಯೇಟರುಗಳಲ್ಲಿ ಕುಳಿತು ಆ ವಿದಾಯವನ್ನು ಕೇಳಿದ್ದು ಅದೇ ವರ್ಷದ ಕೊನೆಯಲ್ಲಿ.