ಮೊಟ್ಟೆ ಟ್ರೇಯೊಳಗಿನ ನೀರು



ಅಂಗಡಿಯಲ್ಲಿ ಮೂವತ್ತು ಮೊಟ್ಟೆ ಹೊತ್ತು ಕೂತಿರುವ ಬೂದುಬಣ್ಣದ ಟ್ರೇ ನಿಮಗೆಲ್ಲ ಗೊತ್ತು. ಒಣಗಿದ ಮೇಲೆ ಅದರ ತೂಕ ಸುಮಾರು 70 ಗ್ರಾಂ. ರದ್ದಿ ಕಾಗದವನ್ನು ನೀರಿನಲ್ಲಿ ಕದಡಿ, ಆ ತೆಳು ತಿರುಳಿನೊಳಗೆ ಜಾಲರಿ ಹೊದಿಸಿದ ಅಚ್ಚನ್ನು ಅದ್ದಿ, ಹಿಂದಿನಿಂದ ಪಂಪ್ ಹಚ್ಚಿ ಎಳೆದರೆ ನಾರೆಲ್ಲ ಜಾಲರಿಗೆ ಅಂಟಿ ಟ್ರೇಯ ಆಕಾರ ಬರುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಆದರೆ ಅಚ್ಚಿನಿಂದ ಬಿಡಿಸಿದ ಹಸಿ ಟ್ರೇಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. ಹತ್ತಿರಹತ್ತಿರ ಒಂದು ಲೋಟ. ಈ ಉದ್ಯಮದ ನೂರಿಪ್ಪತ್ತು ವರ್ಷಗಳ ಕಥೆಯೆಲ್ಲ ಆ ಒಂದು ಲೋಟ ನೀರನ್ನು ಹೊರಗೆ ಹಾಕುವ ಪಾಡಿನದೇ ಎಂದು ನನಗನ್ನಿಸುತ್ತದೆ.

ಕಥೆ ಶುರುವಾಗುವುದು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ. ಕಾಡು, ನದಿ, ಕಾಗದದ ಗಿರಣಿಗಳ ಸೀಮೆ ಅದು. ಮರದ ತೆಳುಹಾಳೆ ಸೀಳುವ ಕಾರ್ಖಾನೆಯೊಂದರ ಕೆಲಸಗಾರರು ಮೇಪಲ್ ಚೂರುಗಳನ್ನೇ ತಟ್ಟೆ ಮಾಡಿಕೊಂಡು ಬುತ್ತಿ ಉಣ್ಣುವುದನ್ನು ಮಾರ್ಟಿನ್ ಕೀಯ್ಸ್ ಎಂಬವರು ನೋಡಿದರಂತೆ. ಮುತ್ತುಗದ ಎಲೆಯಲ್ಲಿ ಉಂಡ ನಮಗೆ ಇದರಲ್ಲೇನು ಬೆರಗು ಎನ್ನಿಸಬಹುದು. ಕೀಯ್ಸ್ ಮಾತ್ರ ಅಲ್ಲಿಗೇ ಬಿಡಲಿಲ್ಲ. ಮರದ ತಿರುಳಿನಿಂದ ತಟ್ಟೆ ಅಚ್ಚು ಹಾಕುವ ಯಂತ್ರವನ್ನೇ ಕಟ್ಟಿ, 1903ರಲ್ಲಿ ಮೇನ್‌ನಲ್ಲಿ ಕೀಯ್ಸ್ ಫೈಬರ್ ಕಂಪನಿ ಶುರುಮಾಡಿದರು. 1930ರ ದಶಕದ ಹೊತ್ತಿಗೆ ಡೆನ್ಮಾರ್ಕಿನ ಹಾರ್ಟ್‌ಮನ್ ಕಂಪನಿ ಇದೇ ವಿಧಾನದಲ್ಲಿ ಮೊಟ್ಟೆಯ ಪ್ಯಾಕಿಂಗ್ ಮಾಡತೊಡಗಿತ್ತು.

ನೀರು ತೆಗೆಯಲು ಇವರೆಲ್ಲ ನಂಬಿದ್ದು ಬಿಸಿಗಾಳಿಯನ್ನು. ಉದ್ದನೆಯ ಸುರಂಗ, ಅದರೊಳಗೆ ನಿಧಾನವಾಗಿ ಸಾಗುವ ಕನ್ವೇಯರ್, 150ರಿಂದ 200 ಡಿಗ್ರಿಯ ಗಾಳಿ. ನಮ್ಮ ಸಣ್ಣ ಘಟಕಗಳಲ್ಲಾದರೆ ಬಿಸಿಲಿದ್ದರೆ ಬಿಸಿಲೇ ಸೈ, ಮಳೆಗಾಲದಲ್ಲಿ ತಾಪತ್ರಯ. ಬಿಸಿಗಾಳಿಯ ತೊಂದರೆ ಏನೆಂದರೆ, ಅದು ಹೊರಗಿನಿಂದ ಕಾಯಿಸುತ್ತದೆ. ಮೊದಲು ಮೇಲ್ಮೈ ಒಣಗುತ್ತದೆ. ಒಣಗಿದ ನಾರು ಶಾಖವನ್ನು ಒಳಗೆ ಬಿಡುವುದಿಲ್ಲ. ದೊಡ್ಡ ಉರಿಯ ಮೇಲೆ ಹಾಕಿದ ದಪ್ಪ ರೊಟ್ಟಿಯ ಹಾಗೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಅಂಚು ಒಂದು ಲೆಕ್ಕದಲ್ಲಿ, ನಡು ಇನ್ನೊಂದು ಲೆಕ್ಕದಲ್ಲಿ ಕುಗ್ಗಿ ಟ್ರೇ ಸೊಟ್ಟಗಾಗುತ್ತದೆ. ನೀರಿನ ಮೊದಲರ್ಧ ಸಲೀಸಾಗಿ ಹೋಗುತ್ತದೆ. ಸುರಂಗವನ್ನು ಅಷ್ಟುದ್ದ ಮಾಡಿಸುವುದು ಕೊನೆಯ ಪಾಲು.

ಈ ಕೊನೆಯ ಪಾಲಿಗೆ ಮದ್ದು ಹುಡುಕುತ್ತ ಇನ್ನೊಬ್ಬ ಮೇನ್‌ನವರತ್ತ ಹೊರಳೋಣ. ಪರ್ಸಿ ಸ್ಪೆನ್ಸರ್ ಹುಟ್ಟಿದ್ದು 1894ರಲ್ಲಿ, ಹೌಲ್ಯಾಂಡ್ ಎಂಬ ಪುಟ್ಟ ಊರಿನಲ್ಲಿ. ತಂದೆಯಿಲ್ಲದ ಹುಡುಗ, ಹನ್ನೆರಡಕ್ಕೇ ಶಾಲೆ ಬಿಟ್ಟು ಗಿರಣಿ ಸೇರಿದರು. ಹದಿಹರೆಯದಲ್ಲಿ ಅವರು ವಿದ್ಯುತ್ತಿನ ಕೆಲಸ ಕಲಿತದ್ದು ಊರ ಬಳಿಯ ಕಾಗದದ ಗಿರಣಿಗೆ ಕರೆಂಟ್ ಎಳೆಯುತ್ತ. ಅತ್ತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ 1940ರಲ್ಲಿ ಬಲಶಾಲಿ ಮ್ಯಾಗ್ನೆಟ್ರಾನ್ ಮಾಡಿದ್ದರು. ರೇಡಾರಿಗೆ ಮೈಕ್ರೋವೇವ್ ಅಲೆ ಹೊಮ್ಮಿಸುವ ಕೊಳವೆ ಅದು. ಎರಡನೇ ಮಹಾಯುದ್ಧದ ನಡುವೆ ಅದು ಅಮೆರಿಕಕ್ಕೆ ಬಂತು. ರೇಥಿಯಾನ್ ಕಂಪನಿಯಲ್ಲಿ ಅದನ್ನು ಸಾವಿರಗಟ್ಟಲೆ ತಯಾರಿಸುವ ದಾರಿ ಹುಡುಕಿದವರು ಇದೇ ಸ್ಪೆನ್ಸರ್. 1945ರಲ್ಲಿ ಚಾಲೂ ಇದ್ದ ಮ್ಯಾಗ್ನೆಟ್ರಾನ್ ಮುಂದೆ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಚಾಕೊಲೇಟ್ ಕರಗಿತು. ಶೇಂಗಾ ಮಿಠಾಯಿ ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಅದೇ ವರ್ಷ ಪೇಟೆಂಟಿಗೆ ಅರ್ಜಿ ಹೋಯಿತು. 1947ರಲ್ಲಿ ಬಂದ ರೇಡಾರೇಂಜ್ ಎಂಬ ಮೈಕ್ರೋವೇವ್ ಒಲೆ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ.

ಅಡುಗೆಮನೆಯ ಕಥೆ ನಿಮಗೆ ಗೊತ್ತಿದ್ದದ್ದೇ. ಕಾರ್ಖಾನೆಗೆ ಈ ಅಲೆ ಬೇಕಾದದ್ದು ಬೇರೊಂದು ಗುಣಕ್ಕಾಗಿ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಸೆಕೆಂಡಿಗೆ 245 ಕೋಟಿ ಸಲ ಆಚೀಚೆ ತೂಗುವ ವಿದ್ಯುತ್ ಕ್ಷೇತ್ರದ ಜೊತೆ ಹೊರಳಲು ಹೋಗಿ ಅದು ಬಿಸಿಯಾಗುತ್ತದೆ. ಒಣ ನಾರು ಅಷ್ಟಾಗಿ ಬಿಸಿಯಾಗುವುದಿಲ್ಲ. ಎಲ್ಲಿ ನೀರು ಹೆಚ್ಚೋ ಅಲ್ಲೇ ಶಾಖ ಹೆಚ್ಚು. ಒಳಗೆ ಹುಟ್ಟಿದ ಆವಿ ತೇವವನ್ನು ಹೊರಕ್ಕೆ ತಳ್ಳುತ್ತದೆ. ಬಿಸಿಗಾಳಿ ಎಲ್ಲಿ ಸೋಲುತ್ತದೋ ಅಲ್ಲಿಂದ ಇದರ ಕೆಲಸ. ತೆಳುವಾದ ಮೊಟ್ಟೆ ಟ್ರೇಗೆ ಇಷ್ಟೆಲ್ಲ ಬೇಕೇ ಎಂದು ನೀವು ಕೇಳಿದರೆ, ಬೇಡವೆಂದೇ ನನ್ನ ಉತ್ತರ. ಪೀಠೋಪಕರಣದ ಮೂಲೆಗೆ, ವಾಹನದ ಬಿಡಿಭಾಗಕ್ಕೆ ಹಾಕುವ, 5ರಿಂದ 10 ಮಿಲಿಮೀಟರ್ ದಪ್ಪದ ಪ್ಯಾಕಿಂಗ್‌ಗೆ ಇದರ ನಿಜವಾದ ಉಪಯೋಗ.

ಈ ಯಂತ್ರಗಳ ಮಾರಾಟಗಾರರು ಜೋರಾಗಿ ಹೇಳದ ಸಂಗತಿಯೊಂದಿದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 0.7 ಯೂನಿಟ್ ಶಕ್ತಿ ಬೇಕೇ ಬೇಕು, ಗಾಳಿಯಿಂದ ಕೊಡಿ, ಅಲೆಯಿಂದ ಕೊಡಿ. ಮ್ಯಾಗ್ನೆಟ್ರಾನ್ ತಾನೇ ನುಂಗುವ ಕರೆಂಟನ್ನೂ ಸೇರಿಸಿದರೆ ಲೆಕ್ಕ ಒಂದು ಯೂನಿಟ್ ದಾಟುತ್ತದೆ. ಹಾಗಾಗಿ ಇಡೀ ಲೋಟವನ್ನು ಮೈಕ್ರೋವೇವ್‌ನಿಂದಲೇ ಆರಿಸುವುದು ದುಂದು. ಅಚ್ಚಿನಲ್ಲೇ ಹೀರಿ, ಒತ್ತಿ, ಬಿಸಿಗಾಳಿಯಲ್ಲಿ ಬಹುಪಾಲು ಕಳೆದು, ಕೊನೆಯ ಹಟಮಾರಿ ತೇವಕ್ಕೆ ಮಾತ್ರ ಅಲೆ ಹಚ್ಚುವುದು ಜಾಣತನ. 1960ರ ದಶಕದಲ್ಲಿ ಅಮೆರಿಕದ ಆಲೂಗಡ್ಡೆ ಚಿಪ್ಸ್ ಕಾರ್ಖಾನೆಗಳು ಕೊನೆಯ ಹಂತದ ಒಣಗಿಸುವಿಕೆಗೆ ಇದನ್ನು ತಂದವು. ಮುಂದೆ ಕೈಬಿಟ್ಟವು.

ಲೋಹದ ತೊಡಕೂ ಇದೆ. ಲೋಹ ಈ ಅಲೆಗಳನ್ನು ಹಿಂದಕ್ಕೆ ಹೊಡೆಯುತ್ತದೆ. ಈಗ ಮದುವೆಮನೆಗಳಲ್ಲಿ ಕಾಣುವ ಕಬ್ಬಿನ ರಚ್ಚಿನ ತಟ್ಟೆಗಳನ್ನೇ ನೋಡಿ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ ನಿಷೇಧವಾದ ಮೇಲೆ ಅವಕ್ಕೆ ಬೇಡಿಕೆ ಬಂದಿದೆ. ಅವು ಒಣಗುವುದು ಕಾದ ಲೋಹದ ಅಚ್ಚುಗಳ ನಡುವೆ ಒತ್ತಿಸಿಕೊಂಡು; ನುಣುಪು ಬರುವುದೂ ಅದರಿಂದಲೇ. ಅಲ್ಲಿ ಮೈಕ್ರೋವೇವ್‌ಗೆ ಪ್ರವೇಶವಿಲ್ಲ. ಅದು ಬೇಕೆಂದರೆ ಹಸಿ ಮಾಲನ್ನು ಲೋಹದಿಂದ ಬಿಡಿಸಿ, ಪ್ಲಾಸ್ಟಿಕ್ಕಿನ ಅಥವಾ ಪಿಂಗಾಣಿಯ ಆಸರೆಯ ಮೇಲೆ ಸಾಗಿಸಬೇಕು. ಸುರಂಗದ ಎರಡೂ ಬಾಯಲ್ಲಿ ಅಲೆ ಸೋರದಂತೆ ತಡೆ ಕಟ್ಟಬೇಕು. ಅಲೆ ಒಂದೇ ಕಡೆ ಗುಂಪುಗೂಡಿದರೆ ಕಾಗದ ಕಂದುಬಣ್ಣಕ್ಕೆ ತಿರುಗುತ್ತದೆ.

ಇಷ್ಟೆಲ್ಲ ಒದ್ದಾಟ ಕಂಡು, ನೀರೇ ಏಕೆ ಹಾಕಬೇಕು ಎಂದವರು ಸ್ವೀಡನ್ನಿನವರು. ಅಲ್ಲಿನ ಪಲ್ಪ್ಯಾಕ್ ಕಂಪನಿ ಒಣ ನಾರನ್ನೇ ಗಾಳಿಯಲ್ಲಿ ಹರಡಿ, ಬಿಸಿ ಅಚ್ಚಿನಲ್ಲಿ ಒತ್ತಿ ಆಕಾರ ಕೊಡುತ್ತದೆ. ಒಣಗಿಸುವ ಸುರಂಗವೇ ಬೇಡ. ಆದರೆ ಅವರು ಕೊಳ್ಳುವ ತಿರುಳು ಹುಟ್ಟಿದ್ದೂ ನೀರಿನಲ್ಲೇ. ಅದನ್ನು ಒಣಗಿಸಿದ ಖರ್ಚು ದೂರದ ತಿರುಳು ಗಿರಣಿಯ ಲೆಕ್ಕದಲ್ಲಿ ಬಿದ್ದಿರುತ್ತದೆ, ಅಷ್ಟೆ.